ಶಾಂತರಾಜು ಹದ ಮಾಡಿದ ಪೆಟ್ಟಿಗೆ

ಹನೂರಿನ ಬಸ್‌ಸ್ಟ್ಯಾಂಡಿನ ಹಿಂದೆ ನಿಂಗರಾಜುವಿನ ಫೋಟೋ ಸ್ಟುಡಿಯೋ. ಅಲ್ಲೊಂದು ಕರಿ ಪೆಟ್ಟಿಗೆ. ಸರ್ವರ್ ಅನ್ನುತ್ತಾರೆ. ಸುತ್ತಲ ಊರುಗಳ ಮದುವೆ ಫೋಟೋಗಳೆಲ್ಲ ಅದರೊಳಗೆ. ಅದನ್ನು ನೋಡಿಕೊಳ್ಳುತ್ತಿದ್ದವನು ಶಾಗ್ಯದ ಶಾಂತರಾಜು. ಹೋದ ಮಳೆಗಾಲ ಎದೆನೋವು ಬಂದು ಹೋಗಿಬಿಟ್ಟ. ಈಗ ಅವನ ಹೆಂಡತಿ ಪುಟ್ಟಮಾದಮ್ಮ ಅಲ್ಲಿ ಕಸ ಗುಡಿಸುತ್ತಾಳೆ.

ಅವನಿದ್ದಾಗ, ಏನು ಕೆಲಸ ನಿಂದು ಅಂತ ಅವಳು ಒಮ್ಮೆ ಕೇಳಿದ್ದಳು.

"ಒಳಗೆ ಕರ್ನಲ್ ಅಂತ ಒಬ್ಬ ಯಜಮಾನ ಅವ್ನೆ ಕಣಮ್ಮಿ. ಬಂದ ಫೋಟೋನ ಮೊದ್ಲು ಕೈಲಿ ಇಟ್ಕತಾನೆ, ಆಮೇಲೆ ಡಿಸ್ಕಿಗೆ ತುಂಬ್ತಾನೆ. ಕರೆಂಟ್ ಓದ್ರೆ ಕೈಲಿರೋದೆಲ್ಲ ಓಯ್ತು. ಅದ್ಕೇ ಕೈಲಿ ಇಟ್ಕಬ್ಯಾಡ, ಕಾಳ ವಾಡೆಗೆ ಸುರ್ದಂಗೆ ಬಂದಂಗೇ ಡಿಸ್ಕಿಗೆ ಸುರೀತಿರು ಅಂತ ಏಳಿವ್ನಿ."

"ನೀನೇಳಿದ್ರೆ ಅವನು ಕೇಳ್ತಾನಾ? ನಾನೇಳಿದ್ದ ನೀನೇ ಕೇಳಾಕಿಲ್ಲ!"

ಅವನು ನಕ್ಕಿದ್ದ.

ಅವನದು ಭಾರಿ ತಾಳ್ಮೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಸಾರಿಗೆ ಉಪ್ಪು ಹಾಕಿ ರುಚಿ ನೋಡಿದ ಹಾಗೆ, ಕಾದು ನೋಡಿ ಆಮೇಲೆ ಇನ್ನೊಂದು. ಹಾಗೆ ಹದ ಮಾಡಿದ ಪೆಟ್ಟಿಗೆ ಒಂದೊಂದು ಫೋಟೋವನ್ನೂ ಡಿಸ್ಕಿಗೆ ಸುರಿದೇ ಮುಂದಿನದನ್ನು ಮುಟ್ಟುತ್ತಿತ್ತು, ಅದಕ್ಕೇ ನಿಧಾನ. ನಿಂಗರಾಜುಗೆ ಅದೇ ಸಿಟ್ಟು. ಮೊನ್ನೆ ಹೇಳಿಯೇಬಿಟ್ಟ.

"ಪುಟ್ಟಮಾದಮ್ಮಾ, ಬೇಜಾರ್ ಮಾಡ್ಕಬ್ಯಾಡಿ. ನಾಳಿಕೆ ಕೊಳ್ಳೇಗಾಲದಿಂದ ಒಬ್ರು ಬತ್ತಾರೆ. ಶಾಂತರಾಜು ಮಾಡಿದ್ದೆಲ್ಲ ಅಳಿಸಿ ಸ್ಪೀಡ್ ಮಾಡ್ತಾರೆ."

ಅವಳು ಪೊರಕೆ ಹಿಡಿದು ನಿಂತಳು. ಗಂಡನ ಬಟ್ಟೆಬರೆ ಹಂಚಿಯಾಗಿತ್ತು. ಅವನ ಕೈಯದು ಅಂತ ಉಳಿದಿದ್ದು ಆ ಪೆಟ್ಟಿಗೆಯ ಹದವೊಂದೇ.

ಅಷ್ಟರಲ್ಲಿ ಸ್ಟುಡಿಯೋಗೆ ಫೋಟೋ ತೆಗೆಯುವ ಹುಡುಗ ಕ್ಯಾಮೆರಾ ಮಾದು ಓಡಿ ಬಂದ. ಬೆಳಿಗ್ಗೆ ಶಾಗ್ಯದಲ್ಲಿ ಧಾರೆ, ಸಂಜೆ ಬೇರೆ ಊರಲ್ಲಿ ಆರತಕ್ಷತೆ, ಕ್ಯಾಮೆರಾದ ಮೆಮೊರಿ ಕಾರ್ಡು ಮಾತ್ರ ಒಂದೇ. ಫೋಟೋಗಳನ್ನು ಪೆಟ್ಟಿಗೆಗೆ ತುಂಬಿ, ಮುಗಿಯಿತೆಂದು ಪರದೆ ತೋರಿಸಿದ ತಕ್ಷಣ ಕಾರ್ಡಿನಲ್ಲಿದ್ದದ್ದನ್ನೆಲ್ಲ ಒರೆಸಿಬಿಡುವುದು ಅವನ ರೂಢಿ.

"ಈ ಎತ್ತಿನ ಗಾಡಿ ಯಾವತ್ತು ಸಾಯ್ತದೋ!" ಅಂದವನು ಪುಟ್ಟಮಾದಮ್ಮನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ಕೊನೆಗೂ ಮುಗಿಯಿತು. ಕಾರ್ಡು ಒರೆಸಿದ. ಅದನ್ನು ಕ್ಯಾಮೆರಾಕ್ಕೆ ಹಾಕುವಷ್ಟರಲ್ಲಿ ಕರೆಂಟ್ ಹೋಯಿತು. ಹಳೇ ಯುಪಿಎಸ್ ಕೀ ಅಂದು ಅದೂ ನಿಂತಿತು.

"ಲೇ, ಒರಸ್ಬುಟ್ಟಾ?" ಅಂತ ನಿಂಗರಾಜು ಕೂಗಿದ.

"ಒರಸ್ಬುಟ್ಟೆ ಸಾ."

"ನಿನಗೋಸ್ಕರ ಇನ್ನೊಂದ್ಸಲ ಧಾರೆ ಎರೀತಾರೇನ್ಲಾ!"

ಕರೆಂಟ್ ಬಂತು. ನಿಂಗರಾಜು ಪರದೆಯ ಮೇಲೆ ಒಂದೊಂದೇ ಫೋಟೋ ತೆರೆದು ನೋಡಿದ. ಧಾರೆ ಇತ್ತು. ತಾಳಿ ಇತ್ತು. ಕೊನೆ ಪಂಕ್ತಿಯಲ್ಲಿ ಪಾಯಸ ಬಡಿಸುವವನ ಸೌಟೂ ಇತ್ತು. ಒಂದೂ ಹೋಗಿರಲಿಲ್ಲ.

ಅವನು ಆಗಲೇ ಕೊಳ್ಳೇಗಾಲಕ್ಕೆ ಫೋನ್ ಮಾಡಿದ. "ನಾಳಿಕೆ ಬರಬ್ಯಾಡಿ ಸಾ. ನಮ್ ಪೆಟ್ಗೆ ಇಂಗೇ ಇರ್ಲಿ."

ಪುಟ್ಟಮಾದಮ್ಮ ಸೆರಗಿನಿಂದ ಪೆಟ್ಟಿಗೆಯ ಧೂಳು ಒರೆಸಿದಳು. ಅದು ಬೆಚ್ಚಗಿತ್ತು.

"ಆಸ್ಪತ್ರೆಗೆ ನಡಿ ಅಂದ್ರೆ ನೀನು ಕೇಳ್ನಿಲ್ಲ," ಅಂದಳು, ಇಲ್ಲದ ಗಂಡನಿಗೆ. "ನೀನೇಳಿದ್ದ ಒಳಗಿರೋ ಇವನು ಕೇಳ್ದ, ನೋಡು."