ಹಲಗೆಯ ಎಳೆ

ಹೊಸಪೇಟೆಯ ಸಂಡೂರು ರಸ್ತೆಯ ಪೆಟ್ರೋಲ್ ಬಂಕಿನಲ್ಲಿ ಬೆಳಿಗ್ಗೆ ಆರರಿಂದ ಎರಡರವರೆಗೆ ಲಾರಿಗಳಿಗೆ ಡೀಸೆಲ್ ಹಾಕುವ ಶೈಲಶ್ರೀ, ವಾರಕ್ಕೆ ಮೂರು ದಿನ ಅಲ್ಲೇ ಬಟ್ಟೆ ಬದಲಿಸಿ ಸಂಡೂರಿನ ಬಸ್ಸು ಹತ್ತುತ್ತಿದ್ದಳು. ದಾನಿಗಳ ಸಮಿತಿಯೊಂದು ಅಲ್ಲಿ ನಡೆಸುತ್ತಿದ್ದ ಬಾಲಕಿಯರ ಹಾಸ್ಟೆಲ್ಲಿನಲ್ಲಿ ಕರಾಟೆ ಕಲಿಸುವುದು ಅವಳ ಎರಡನೆಯ ಕೆಲಸ. ಅವಳು ಬಂಡ್ರಿಯವಳು, ಗಣಿ ಕೂಲಿಯೊಬ್ಬನ ಮಗಳು. ಹೈಸ್ಕೂಲಿನಲ್ಲಿದ್ದಾಗ ಒಂದು ಬೇಸಿಗೆ ಶಿಬಿರದಲ್ಲಿ ಕರಾಟೆಗೆ ಕೈ ಹಾಕಿದವಳು, ಮದುವೆಯಾಗಿ ಮಗಳು ಹುಟ್ಟಿದ ಮೇಲೂ ಬಿಡದೆ ಕಪ್ಪು ಬೆಲ್ಟಿನವರೆಗೆ ಹೋಗಿದ್ದಳು. ಗಂಡ ಲಾರಿ ಓಡಿಸುತ್ತಿದ್ದ. ತಿಂಗಳಲ್ಲಿ ಇಪ್ಪತ್ತು ದಿನ ಊರಲ್ಲಿರುತ್ತಿರಲಿಲ್ಲ. ಇಬ್ಬರ ದುಡಿಮೆ ಮನೆಗೆ ಸರಿಹೋಗುತ್ತಿತ್ತು. ಮಗಳ ನರ್ಸಿಂಗ್ ಓದು ನಡೆಯುತ್ತಿದ್ದುದು ಕರಾಟೆಯ ಸಂಬಳದಿಂದ.

ಕ್ಲಾಸು ಮುಂದಿನ ವರ್ಷವೂ ಇರಬೇಕೋ ಬೇಡವೋ ಎಂಬುದನ್ನು ಮಾರ್ಚ್ ತಿಂಗಳ ಪ್ರದರ್ಶನ ನೋಡಿ ಸಮಿತಿಯ ಅಧ್ಯಕ್ಷ ದುರುಗಣ್ಣ ಹೇಳುವವರಿದ್ದರು. ಅವರದು ಕಂಪ್ಲಿಯಲ್ಲಿ ಮರ ಕೊಯ್ಯುವ ಸಾಮಿಲ್ಲು. ತಲೆಯ ಮೇಲೆ ಟ್ಯೂಬ್‌ಲೈಟು ಒಡೆದುಕೊಳ್ಳುವ ಮಾಸ್ತರನೊಬ್ಬ ಇದೇ ಕೆಲಸ ಕೇಳಿಕೊಂಡು ಅವರ ಮನೆಗೆ ಎರಡು ಸಲ ಹೋಗಿಬಂದಿದ್ದಾನೆಂದು ವಾರ್ಡನ್ ಗಂಗಾಂಬಿಕಾ ಮೊದಲೇ ಕಿವಿಗೆ ಹಾಕಿದ್ದಳು. ಬರಿ ಕೈಕಾಲು ಆಡಿಸಿದರೆ ಆಗದು, ಏನಾದರೂ ಒಡೆಯಬೇಕು ಎಂದೂ ಹೇಳಿದ್ದಳು. ಶೈಲಶ್ರೀ ಒಪ್ಪಿದಳು. ಆರು ಹುಡುಗಿಯರು, ಆರು ಹಲಗೆ.

ಹಲಗೆ ಒಡೆಯುವುದರಲ್ಲಿ ಮಂತ್ರವೇನೂ ಇಲ್ಲ. ಹಲಗೆಯನ್ನು ಎರಡು ಸಿಮೆಂಟ್ ಇಟ್ಟಿಗೆಗಳ ಮೇಲೆ ಇಟ್ಟಾಗ ಮರದ ಎಳೆ ಇಟ್ಟಿಗೆಗಳ ಉದ್ದಕ್ಕೇ ಓಡಬೇಕು. ಆಗ ಅಂಗೈ ಬುಡದ ಒಂದು ಏಟಿಗೆ ಎಳೆಗುಂಟ ಸೀಳುತ್ತದೆ. ಎಳೆ ಈ ಇಟ್ಟಿಗೆಯಿಂದ ಆ ಇಟ್ಟಿಗೆಗೆ ಓಡಿತೋ, ಅದು ಚರಂಡಿಯ ಮೇಲೆ ಹಾಸಿದ ಹಲಗೆಯಂತೆ. ಆಳು ನಿಂತರೂ ಜಗ್ಗುವುದಿಲ್ಲ. ದುರುಗಣ್ಣ ತಮ್ಮ ಮಿಲ್ಲಿನಿಂದ ಕಳಿಸಿಕೊಟ್ಟ ಹಲಗೆಗಳು ಚೌಕಾಕಾರದವು, ಹೇಗೆ ಬೇಕಾದರೂ ಇಡಬಹುದಾದವು. ಆದ್ದರಿಂದ ಶೈಲಶ್ರೀ ಎಂಟು ದಿನ ಮೊದಲೇ ಒಂದೊಂದನ್ನೂ ಬಿಸಿಲಿಗೆ ಹಿಡಿದು ಎಳೆ ನೋಡಿ, ಹಿಂಬದಿಗೆ ಪೆನ್ಸಿಲ್ ಗೆರೆ ಹಾಕಿ, ಹಾಸ್ಟೆಲ್ಲಿನ ಉಗ್ರಾಣದಲ್ಲಿಟ್ಟಿದ್ದಳು.

ಪ್ರದರ್ಶನದ ದಿನ ಅದಿರಿನ ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡ ಬಸ್ಸು ಮುಕ್ಕಾಲು ಗಂಟೆ ತಡವಾಯಿತು. ಅವಳು ಓಡಿಬರುವ ಹೊತ್ತಿಗೆ ಅಂಗಳದಲ್ಲಿ ಶಾಮಿಯಾನ ಕಟ್ಟಿ, ಸ್ವಾಗತ ಭಾಷಣ ಮುಗಿದಿತ್ತು. ಗಂಗಾಂಬಿಕಾ ಮೇಜಿನ ಮೇಲಿನ ಬಟ್ಟೆ ಸರಿಸಿದಳು. ಆರೂ ಹಲಗೆಗಳಿಗೆ ದಪ್ಪನೆಯ ಹಸಿರು ಬಣ್ಣ ಬಳಿದಿತ್ತು. ಅದರ ಮೇಲೆ ಹಳದಿ ಅಕ್ಷರದಲ್ಲಿ, ಕೊಡುಗೆ: ದುರುಗಣ್ಣ, ಸಾಮಿಲ್ ಮಾಲೀಕರು, ಕಂಪ್ಲಿ. ಹಾಸ್ಟೆಲ್ಲಿನ ಫ್ಯಾನು, ಬೆಂಚು, ನೀರಿನ ಡ್ರಮ್ಮು ಎಲ್ಲದರ ಮೇಲೂ ಕೊಟ್ಟವರ ಹೆಸರಿರುವಾಗ ಹಲಗೆಯನ್ನು ಹಾಗೇ ಬಿಡುವುದು ವಾರ್ಡನ್ನಿಗೆ ಸರಿಕಂಡಿರಲಿಲ್ಲ. ಒಡೆಯುವ ವಸ್ತುವಿನ ಮೇಲೆ ಹೆಸರು ಬರೆಸಿದರೆ ಹೆಸರೂ ಒಡೆಯುತ್ತದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ.

ಶೈಲಶ್ರೀ ಒಂದನ್ನು ತಿರುವಿ ನೋಡಿದಳು. ಹಿಂಬದಿಗೂ ಬಣ್ಣ, ಅಂಚಿಗೂ ಬಣ್ಣ. ಪೆನ್ಸಿಲ್ ಗೆರೆ ಇರಲಿಲ್ಲ.

"ಹೆಸರು ಅತಿಥಿಗಳ ಕಡಿ ಬರಂಗ ಇಡಸ್ರಿ," ಎಂದಳು ಗಂಗಾಂಬಿಕಾ. "ಫೋಟೋದಾಗ ತಲೆಕೆಳಗ ಬರಬಾರ್ದು."

ಶೈಲಶ್ರೀ ಆಗ ನಿಲ್ಲಿಸಬಹುದಿತ್ತು. ಬಣ್ಣ ಕೆರೆದು ಎಳೆ ನೋಡಲು ಒಂದು ಬೀಗದ ಕೈ, ಐದು ನಿಮಿಷ ಸಾಕಿತ್ತು. ಆದರೆ ಮುಂದಿನ ಸಾಲಿನಲ್ಲಿ ದುರುಗಣ್ಣ ಗಡಿಯಾರ ನೋಡುತ್ತಿದ್ದರು. ಅವರ ಹೆಸರನ್ನು ಅವರ ಎದುರಿಗೇ ಕೆರೆಯಬೇಕಿತ್ತು. ಬಣ್ಣ ಬಳಿದವನು ಗೆರೆ ನೋಡಿಯೇ ಬರೆದಿರಬಹುದು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಅದಕ್ಕೆ ಯಾವ ಆಧಾರವೂ ಇರಲಿಲ್ಲ. ಮೊದಲನೆಯ ಹುಡುಗಿಯನ್ನು ಕರೆದಳು.

ಮೊದಲನೆಯದು ಸೀಳಿತು. ಚಪ್ಪಾಳೆ. ಎರಡನೆಯದೂ ಸೀಳಿತು. ಶೈಲಶ್ರೀ ಮುಂದಿನ ಹಲಗೆಯನ್ನೂ ಹೆಸರು ಅತಿಥಿಗಳ ಕಡೆ ಬರುವಂತೆ ಇಟ್ಟಿಗೆಗಳ ಮೇಲಿಟ್ಟಳು.

ಮೂರನೆಯವಳು ಚೋರನೂರಿನ ಸುಷ್ಮಿತಾ, ಒಂಬತ್ತನೆಯ ತರಗತಿ. ಮಾತು ಕಡಿಮೆ, ಹೇಳಿದ್ದನ್ನು ಹೇಳಿದಂತೆ ಮಾಡುವವಳು. ಅಳುಕಿ ಹೊಡೆದರೆ ಪೆಟ್ಟು ಕೈಗೇ ತಿರುಗುತ್ತದೆ, ಹಲಗೆಯ ಆಚೆಗಿರುವ ನೆಲಕ್ಕೆ ಹೊಡೆಯಬೇಕು ಎಂದು ಶೈಲಶ್ರೀ ಕಲಿಸಿದ್ದಳು. ಹುಡುಗಿ ಹಾಗೆಯೇ ಹೊಡೆದಳು. ಸದ್ದು ಬೇರೆಯಾಗಿತ್ತು, ಗೋಡೆಗೆ ತಾಗಿದಂತಹ ಮೊಂಡು ಸದ್ದು. ಹಲಗೆ ಹಾಗೇ ಇತ್ತು.

ಯಾರೋ ನಕ್ಕರು. ದುರುಗಣ್ಣ ಕುರ್ಚಿಯಲ್ಲೇ ಮುಂದೆ ಬಾಗಿ, ಹಾಸ್ಟೆಲ್ಲಿನ್ಯಾಗ ರೊಟ್ಟಿ ಸರಿ ಹಾಕಂಗಿಲ್ಲೇನ್ರಿ ವಾರ್ಡನ್ ಎಂದು ಕೇಳಿದರು. ಸಾಲಿಗೆ ಸಾಲೇ ನಕ್ಕಿತು. ಗಂಗಾಂಬಿಕಾಳ ಮುಖ ಕೆಂಪಾಯಿತು. ಸುಷ್ಮಿತಾ ಯಾರ ಕಡೆಗೂ ನೋಡಲಿಲ್ಲ. ಅವಳ ಮಣಿಕಟ್ಟು ಆಗಲೇ ಊದುತ್ತಿತ್ತು.

"ಇನ್ನೊಂದು ಸಲ ಹೊಡಿ ಲೇ," ಎಂದಳು ವಾರ್ಡನ್.

ಹುಡುಗಿ ಅದೇ ಕೈ ಎತ್ತಿದಳು. ಈ ಸಲ ಭುಜದವರೆಗೆ ಎತ್ತಿದಳು. ಮೊದಲಿನದಕ್ಕಿಂತ ಜೋರಾಗಿ ಬೀಳುವ ಏಟು ಅದು. ಶೈಲಶ್ರೀ ಎರಡು ಹೆಜ್ಜೆಯಲ್ಲಿ ಬಂದು ಕಾಲಿನಿಂದ ಇಟ್ಟಿಗೆಯನ್ನು ಒದ್ದಳು. ಹಲಗೆ ನೆಲಕ್ಕೆ ಬಿತ್ತು. ಎತ್ತಿದ ಕೈಯನ್ನು ಗಾಳಿಯಲ್ಲೇ ಹಿಡಿದಳು.

ಶೈಲಶ್ರೀ ಹಲಗೆ ಎತ್ತಿಕೊಂಡು, ಸೊಂಟದ ಚೀಲದಿಂದ ಮನೆಯ ಕೀ ತೆಗೆದು, ಹಳದಿ ಹೆಸರಿನ ಮೇಲೇ ಕೆರೆದಳು. ಬಣ್ಣ ಪುಡಿಯಾಗಿ ಉದುರಿತು. ಕೆಳಗಿನ ಮರ ಕಾಣುವವರೆಗೆ ಕೆರೆದು, ಮುಂದಿನ ಸಾಲಿಗೆ ಹೋಗಿ ಅದನ್ನು ದುರುಗಣ್ಣನವರ ಮುಂದೆ ಹಿಡಿದಳು.

"ನೀವು ಕಟ್ಟಿಗಿ ಬಲ್ಲವ್ರು. ನೋಡ್ರಿ."

ದುರುಗಣ್ಣ ನೋಡಿದರು. ಕೆರೆದುಹೋದ ತಮ್ಮ ಹೆಸರನ್ನು ಮೊದಲು ನೋಡಿದರು, ಆಮೇಲೆ ಮರವನ್ನು. ಹೆಬ್ಬೆರಳಿನಿಂದ ಒಮ್ಮೆ ಸವರಿದರು.

"ಎಳಿ ಅಡ್ಡ ಐತಿ, ಈ ಇಟ್ಟಂಗಿಯಿಂದ ಆ ಇಟ್ಟಂಗಿಗೆ," ಎಂದರು. ನಗು ಇರಲಿಲ್ಲ.

ಹಾಗಾದರೆ ತಿರುಗಿಸಿ ಇಟ್ಟು ಹೊಡೆಸಿ ಎಂದು ಹಿಂದಿನಿಂದ ಯಾರೋ ಕೂಗಿದರು. ಒಡೆಯುವುದೆಲ್ಲ ಇಡುವುದರಲ್ಲಿದ್ದರೆ ಕಲಿಸುವುದೇನು ಎಂದು ಇನ್ನೊಬ್ಬರು. ಗಂಗಾಂಬಿಕಾ ಹತ್ತಿರ ಬಂದು, ಉಳಿದ ಮೂವರಾದರೂ ಹೊಡೆಯಲಿ, ಮರ್ಯಾದೆ ಉಳಿಸಿ ಎಂದು ಪಿಸುಗುಟ್ಟಿದಳು. ಇವತ್ತು ಇನ್ನು ಯಾರೂ ಹೊಡೆಯುವುದಿಲ್ಲ ಎಂದು ಶೈಲಶ್ರೀ ಎಲ್ಲರಿಗೂ ಕೇಳುವಂತೆ ಹೇಳಿ, ಸುಷ್ಮಿತಾಳನ್ನು ಕರೆದುಕೊಂಡು ಗೇಟಿನಾಚೆ ಆಟೊ ಹತ್ತಿದಳು.

ಆಸ್ಪತ್ರೆಯ ದಾರಿಯಲ್ಲಿ ಹುಡುಗಿ ಒಂದೇ ಪ್ರಶ್ನೆ ಕೇಳಿದಳು.

"ಎರಡ್ನೇ ಏಟಿಗೆ ಒಡೀತಿತ್ತೇನ್ರಿ, ಮಿಸ್?"

"ಒಡೀತಿತ್ತು. ಹಲಿಗಿ ಅಲ್ಲ, ನಿನ್ನ ಕೈ."

ಆಮೇಲೆ ಶೈಲಶ್ರೀ ಉಳಿದದ್ದನ್ನೂ ಹೇಳಿದಳು. ಬಣ್ಣ ಬಳಿದದ್ದನ್ನು ಮೊದಲೇ ನೋಡಿದ್ದೆ, ಗೆರೆ ಇಲ್ಲದ್ದೂ ಗೊತ್ತಿತ್ತು, ಆದರೂ ಹೊಡೆಯಲು ಬಿಟ್ಟೆ, ಎಂದಳು. ಸುಷ್ಮಿತಾ ಆಟೊದ ಹೊರಗೆ ನೋಡುತ್ತ ಕುಳಿತಳು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ, ಉಳುಕಿತ್ತು. ಪಟ್ಟಿ ಕಟ್ಟಿಸಿಕೊಂಡು ಬರುವಾಗ ಹುಡುಗಿ ಶೈಲಶ್ರೀಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು.

ಹಾಸ್ಟೆಲ್ಲಿಗೆ ಮರಳಿದಾಗ ಶಾಮಿಯಾನ ಬಿಚ್ಚುತ್ತಿದ್ದರು. ದುರುಗಣ್ಣ ಜಗಲಿಯ ಮೇಲೆ ಕುಳಿತಿದ್ದರು. ಸುಷ್ಮಿತಾ ಅವರನ್ನು ದಾಟಿ ಒಳಗೆ ಹೋದಳು.

"ಗೆರಿ ಹಾಕಿಟ್ಟಿದ್ರಂತ. ವಾರ್ಡನ್ ಹೇಳಿದ್ರು," ಎಂದರು ಅವರು. "ಬಣ್ಣ ಕಂಡ ಮ್ಯಾಲೆ ಯಾಕ ನಿಲ್ಲಸ್ಲಿಲ್ಲ?"

"ನಿಮಗ ಅಂಜಿದ್ನಿರಿ. ಕ್ಲಾಸು ಹೋಗ್ತೈತಂತ."

ದುರುಗಣ್ಣ ತಮ್ಮ ಎಡಗೈ ತೋರಿಸಿದರು. ಕಿರುಬೆರಳು ಅರ್ಧ ಇರಲಿಲ್ಲ.

"ಗರಗಸದ ಮುಂದ ಇಂಥಾ ಅಂಜಿಕಿ ಪಡೋರನ್ನ ನಾನು ಮರುದಿನ ಕೆಲಸಕ್ಕ ಕರಿಯಂಗಿಲ್ಲ. ಆದ್ರ ಎರಡ್ನೇ ಏಟು ತಡದವ್ರೂ ನೀವ. ನಾನೇನೂ ಹೇಳಂಗಿಲ್ಲ. ಆ ಹುಡುಗಿ ಮತ್ತ ನಿಮ್ಮ ಹತ್ರ ಕಲಿಯಾಕ ಬಂದ್ರ ಕ್ಲಾಸು ಇರ್ತೈತಿ. ಬರ್ಲಿಲ್ಲ ಅಂದ್ರ ಇಲ್ಲ. ನೀವಾಗಿ ಆಕಿನ್ನ ಕರಿಯಬ್ಯಾಡ್ರಿ."

ಮಂಗಳವಾರ ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ಅಂಗಳದಲ್ಲಿ ಹುಡುಗಿಯರು ಸಾಲಾಗಿ ನಿಂತಿದ್ದರು. ಮೂರನೆಯ ಜಾಗ ಖಾಲಿ ಇತ್ತು. ಪಕ್ಕದವಳು ಅದನ್ನು ತುಂಬಲು ಸರಿದಿರಲಿಲ್ಲ. ಶೈಲಶ್ರೀ ಅತ್ತ ನೋಡದೆ ವಂದನೆ ಮುಗಿಸಿದಳು, ಕಾಲಿನ ಕಸರತ್ತು ಆರಂಭಿಸಿದಳು. ಜಗಲಿಯ ಮೇಲೆ ಗಂಗಾಂಬಿಕಾ ಅಕ್ಕಿ ಆರಿಸುವ ನೆಪದಲ್ಲಿ ಕುಳಿತು ಹುಡುಗಿಯರನ್ನು ಎಣಿಸುತ್ತಿದ್ದಳು. ಹತ್ತು ನಿಮಿಷವಾಯಿತು. ಹದಿನೈದಾಯಿತು.

ಉಗ್ರಾಣದ ಕಡೆಯಿಂದ ಸುಷ್ಮಿತಾ ಬಂದಳು. ಬಲಗೈಗೆ ಪಟ್ಟಿ, ಎಡಗೈ ಕಂಕುಳಲ್ಲಿ ಮೂರು ಹಲಗೆ. ಉಗುರುಗಳ ಸಂದಿಯಲ್ಲಿ ಹಸಿರು ಬಣ್ಣ. ಅವಳು ವಂದಿಸಲಿಲ್ಲ. ಹಲಗೆಗಳನ್ನು ಶೈಲಶ್ರೀಯ ಕಾಲಬುಡಕ್ಕೆ ಒಂದರ ಪಕ್ಕ ಒಂದರಂತೆ ಇಟ್ಟಳು. ಮೂರರ ಮೇಲೂ ಅಡುಗೆಮನೆಯ ಸೌಟಿನಿಂದ ಕೆರೆದ ಗುರುತಿತ್ತು.

"ಉಳದ ಮೂರೂ ಕೆರದು ನೋಡೀನ್ರಿ," ಎಂದಳು. "ಹೆಸರು ನೋಡಿ ಇಟ್ಟಿದ್ರ ಎರಡು ಅಡ್ಡ ಬರ್ತಿದ್ವು."

ಹೋಗಿ ಮೂರನೆಯ ಜಾಗದಲ್ಲಿ ನಿಂತಳು.