ಮೊದಲು ಕೇಳುವ ಪ್ರಶ್ನೆಯನ್ನು ನಂಬಬಾರದು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಫಳ್ನೀರಿನ ಒಂದು ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಕೂರುತ್ತಿದ್ದೆ. ಮೊದಲೇ ಅನುಮಾನದ ಸ್ವಭಾವ. ಆ ಕುರ್ಚಿ ಅದಕ್ಕೆ ಗೊಬ್ಬರ ಹಾಕಿತು. ಜನ ತಮಗೆ ಬೇಕಾದದ್ದನ್ನು ಮೊದಲು ಕೇಳುವುದೇ ಇಲ್ಲ ಎಂಬುದು ಅಲ್ಲಿ ಬಹುಬೇಗ ಗೊತ್ತಾಯಿತು. ಕ್ಯಾಂಟೀನ್ ಎಲ್ಲಿ, ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದೆಲ್ಲ ಕೇಳಿ, ಹೊರಟಂತೆ ಮಾಡಿ, ತಿರುಗಿ ಬಂದು, "ಆಪರೇಷನ್ ಆದವರಿಗೆಲ್ಲ ಎಚ್ಚರ ಆಗ್ತದಲ್ಲ?" ಎನ್ನುತ್ತಿದ್ದರು. ಬಂದದ್ದೇ ಅದಕ್ಕೆ. ಗೋಡೆಯ ಮೇಲಿನ ಭೇಟಿ ಸಮಯದ ಬೋರ್ಡು ಓದಿದ ಮೇಲೂ ನನ್ನನ್ನು ಕೇಳುವವರಿದ್ದರು. ಬೋರ್ಡು ಹೇಳಿದ್ದು ಅವರಿಗೆ ಹಿಡಿಸಿರುತ್ತಿರಲಿಲ್ಲ, ಅಷ್ಟೇ. ಇನ್ನು ಕೆಲವರು ತಾಯಿಯನ್ನು ನೋಡಲು ಬಂದು, ಡಾಕ್ಟರು ಎದುರಾದ ಕೂಡಲೇ ಕಂಬದ ಮರೆಗೆ ಸರಿಯುತ್ತಿದ್ದರು. ಕೇಳದಿದ್ದರೆ ಇನ್ನೊಂದು ದಿನ ಧೈರ್ಯವಾಗಿರಬಹುದಲ್ಲ. ಅಂಥವರನ್ನು ಕಂಡರೆ ಮಾತ್ರ ನನಗೆ ಪಾಪ ಎನಿಸುತ್ತಿತ್ತು.

ಆ ಕೆಲಸವೆಂದರೆ ನನಗೆ ಪ್ರಾಣ. ಪಡೀಲಿನ ನಮ್ಮ ಮನೆಯಲ್ಲಿ ಎಲ್ಲವನ್ನೂ ತೀರ್ಮಾನಿಸುವವರು ತಾಯಿಯ ಅಣ್ಣ, ನನ್ನ ಮಾವ. ಅಲ್ಲಿ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಕೌಂಟರಿನಲ್ಲಿ ಮಾತ್ರ ದೊಡ್ಡ ದೊಡ್ಡ ಗಂಡಸರೂ ನನ್ನ ಉತ್ತರಕ್ಕೆ ಕಾಯುತ್ತ ನಿಲ್ಲುತ್ತಿದ್ದರು.

ಮಾವ ಕೊಡಿಯಾಲ್‌ಬೈಲಿನ ಒಂದು ಗಂಡಿನ ಮನೆಗೆ ನನ್ನ ಫೋಟೋ ಕಳಿಸಿದ್ದರು. ಕನ್ನಡಕ ಬಿಚ್ಚಿಸಿ, ತಲೆತುಂಬ ಮಲ್ಲಿಗೆ ಮುಡಿಸಿ ತೆಗೆಸಿದ ಫೋಟೋ. ನನಗೇ ನನ್ನ ಗುರುತು ಹತ್ತಿರಲಿಲ್ಲ. ಸ್ವಲ್ಪ ದಿನದಲ್ಲೇ ಒಬ್ಬ ಹೆಂಗಸು ಕೌಂಟರಿಗೆ ಬಂದರು.

"ಮಕ್ಕಳ ಡಾಕ್ಟರು ಎಷ್ಟು ಗಂಟೆಗೆ ಬರ್ತಾರೆ?"

ಜೊತೆಯಲ್ಲಿ ಮಗುವಿರಲಿಲ್ಲ. ಮಾತಿನ ರಾಗ ತುಳುವರದು, ಆಡುವುದು ಮಾತ್ರ ಕನ್ನಡ. ತುಳುವಿನಲ್ಲಿ ಶುರು ಮಾಡಿದರೆ ಎರಡನೆಯ ಮಾತಿಗೇ ನಾವು ಮನೆ ಎಲ್ಲಿ ಎಂದು ಕೇಳುತ್ತೇವೆ, ಮೂರನೆಯದಕ್ಕೆ ನೆಂಟಸ್ತಿಕೆ ಹೊರಬೀಳುತ್ತದೆ. ಮನೆ ಹೇಳಲು ಮನಸ್ಸಿಲ್ಲದವರೇ ಹೀಗೆ ಕನ್ನಡ ಹಿಡಿಯುವುದು. ನನ್ನ ಕಿವಿ ನೆಟ್ಟಗಾಯಿತು.

"ಇಲ್ಲಿ ಪಡೀಲಿನ ಹುಡುಗಿಯೊಬ್ಬಳು ಇದ್ದಾಳಂತಲ್ಲ, ಇವತ್ತು ಬರಲಿಲ್ಲವಾ?"

ಹುಡುಗಿ ನೋಡುವ ಮೊದಲು ಗುಟ್ಟಾಗಿ ವಿಚಾರಿಸುವುದು ನಮ್ಮಲ್ಲಿ ಇದ್ದದ್ದೇ. ಫೋಟೋದಲ್ಲಿಲ್ಲದ ಕನ್ನಡಕದ ಧೈರ್ಯದಲ್ಲಿ, "ರಜೆ. ನಾನು ಅವಳ ಜೊತೆಯವಳು," ಎಂದೆ.

"ಹುಡುಗಿ ಹೇಗೆ?"

"ಒಳ್ಳೆಯವಳೇ. ಸ್ವಲ್ಪ ಸಿಟ್ಟು ಉಂಟು."

"ಮದುವೆ ಆದ ಮೇಲೆ ಕೆಲಸ ಬಿಡ್ತಾಳಂತೆ. ಅವಳ ಮಾವ ಮಾತು ಕೊಟ್ಟಿದ್ದಾರೆ."

ಆ ಸುದ್ದಿ ನಾನು ಕೇಳುತ್ತಿದ್ದದ್ದು ಅದೇ ಮೊದಲು. ಮೈಯೆಲ್ಲ ಉರಿಯಿತು.

"ಮಾತು ಕೊಟ್ಟವರು ಮಾವ ಅಲ್ಲವಾ? ಅವಳು ಬಿಡುವುದಿಲ್ಲ."

"ಗಂಡ ಬೇಡ ಅಂದರೆ?"

"ಅಂಥ ಗಂಡನೇ ಬೇಡ ಅಂತಾಳೆ."

ಹೆಂಗಸು ತಲೆಯಾಡಿಸಿ ಹೊರಟುಹೋದರು. ಡಾಕ್ಟರ ಸಮಯ ಕೇಳಿಸಿಕೊಳ್ಳಲೂ ನಿಲ್ಲಲಿಲ್ಲ. ಸಂಬಂಧ ತಪ್ಪಿತು, ಕೆಲಸ ಉಳಿಯಿತು ಎಂದು ನಾನು ಒಳಗೊಳಗೇ ಹಿಗ್ಗಿದೆ.

ಆದರೆ ಮುಂದಿನ ಭಾನುವಾರ ಗಂಡಿನ ಕಡೆಯವರು ನಮ್ಮ ಮನೆಗೆ ಬಂದರು. ಕನ್ನಡಕವಿಲ್ಲದೆ ಕಾಫಿ ಹಿಡಿದು ಹೋದ ನನಗೆ ಮುಖ ಸರಿಯಾಗಿ ಕಾಣಲಿಲ್ಲ. ಸ್ವರ ಕೇಳಿ ಕೌಂಟರಿಗೆ ಬಂದಿದ್ದ ಹೆಂಗಸೆಂದು ಗೊತ್ತಾಯಿತು. ಆಕೆ ಹುಡುಗನ ತಾಯಿ.

"ಮದುವೆ ಆದ ಕೂಡಲೇ ಕೆಲಸ ಬಿಡ್ತಾಳೆ," ಎಂದು ಮಾವ ಶುರು ಮಾಡಿದರು.

"ಬಿಡುವುದಿಲ್ಲವಂತೆ," ಎಂದರು ಆಕೆ. ಈ ಸಲ ತುಳುವಿನಲ್ಲೇ.

"ಯಾರು ಹೇಳಿದ್ದು ನಿಮಗೆ?"

"ಹುಡುಗಿಯೇ. ನಿನ್ನ ಅಭಿಪ್ರಾಯ ಎಂತ ಅಂತ ಕೇಳಿದ್ದರೆ ನೀವು ಹೇಳಿಕೊಟ್ಟದ್ದನ್ನು ಒಪ್ಪಿಸ್ತಿದ್ದಳು. ಬೇರೆಯವಳ ಬಗ್ಗೆ ಕೇಳಿದ ಹಾಗೆ ಕೇಳಿದೆ." ನನ್ನ ಕಡೆ ತಿರುಗಿದರು. "ಕನ್ನಡಕ ಹಾಕಿದರೆ ಮೂಗು ಬದಲಾಗ್ತದಾ ಮಾರಾಯ್ತಿ?"

ಮಾವ ನಕ್ಕು ಹಗುರ ಮಾಡಲು ನೋಡಿದರು. "ಅವಳಿಗೆ ಎಂತ ಗೊತ್ತುಂಟು!"

ಆಕೆ ನಗಲಿಲ್ಲ. "ಕನ್ನಡಕ ಹಾಕಿಕೊಂಡು ಬಾ ಮಗಾ. ಇನ್ನೊಮ್ಮೆ ಕೇಳ್ತೇನೆ, ಎಲ್ಲರ ಎದುರು."

ಹಾಕಿಕೊಂಡು ಬಂದು ನಿಂತೆ. "ಕೆಲಸ ಬಿಡ್ತೀಯಾ?" ಎಂದು ಆಕೆ ಕೇಳಿದರು. ಆ ಮನೆಯೊಳಗೆ ನನ್ನನ್ನು ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು. ಅಭ್ಯಾಸಬಲ, ಅದನ್ನೂ ಒಂದು ಗಳಿಗೆ ಅನುಮಾನಿಸಿದೆ. ಆಮೇಲೆ ಮಾವನ ಮುಖ ನೋಡಿಯೇ ಹೇಳಿದೆ, "ಬಿಡುವುದಿಲ್ಲ."