ಎರಡು ಮನೆಯ ನಡುವೆ ಬಿಟ್ಟುಹೋದ ಚಂದಮ್ಮ

ನಮ್ಮ ಅತ್ತೆ ಭಾಗಮ್ಮ ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆದು ಮಾರಿ ಬದುಕಿದವರು. ಅಕ್ಷರ ಬರುತ್ತಿರಲಿಲ್ಲ. ಆದರೆ ಗೊನೆ ಕಂಡರೆ ಸಾಕು, ಎಷ್ಟು ಹಣ್ಣು ಎಂದು ಮುಟ್ಟದೆ ಹೇಳುತ್ತಿದ್ದರು.

ನಿಜಾಮರ ಕಾಲ. ನಾನು ಸೊಸೆಯಾಗಿ ಬಂದು ಎರಡನೆಯ ವರ್ಷ. ಕಲಬುರ್ಗಿಯ ದಫ್ತರದಿಂದ ಮಲಂಗಸಾಬ ಎಂಬ ಮುನ್ಶಿ ಊರಿಗೆ ಬಂದ. ಮೂರು ವರ್ಷದಲ್ಲಿ ಹೆರಿಗೆಯಿಂದ ಸತ್ತ ಹೆಂಗಸರೆಷ್ಟು ಎಂದು ಬರೆದುಕೊಳ್ಳುವುದು ಅವನ ಕೆಲಸ. ಎಲ್ಲ ಮನೆ ತಿರುಗಲು ಆಗದು. ಅದಕ್ಕೆ ಚಾವಡಿಯಿಂದ ಎಣಿಸುತ್ತ ಪ್ರತಿ ಏಳನೆಯ ಬಾಗಿಲು, ಒಟ್ಟು ನಲವತ್ತು. ಕಾಳಿನ ಪೇಟೆ ಗಂಜಿನಲ್ಲಿ ಚೀಲ ಚುಚ್ಚಿ ಒಂದು ಹಿಡಿ ತೊಗರಿ ತೆಗೆದು ಇಡೀ ಚೀಲಕ್ಕೆ ದರ ಕಟ್ಟುವುದಿಲ್ಲವೇ, ಹಾಗೆ. ನಲವತ್ತು ಮನೆಗೆ ಐದಾದರೂ ಸಾವು ಕಂಡ ಊರಿಗೆ ಸರಕಾರ ಕಲಿತ ಸೂಲಗಿತ್ತಿಯನ್ನು ಕಳಿಸುವುದಿತ್ತು.

ನಮ್ಮದೂ ಒಂದು ಏಳನೆಯ ಬಾಗಿಲು. ಈ ಮನೆಯವರು ಯಾರಾದರೂ ಹೆರಿಗೆಯಲ್ಲಿ ತೀರಿದರೇ ಎಂದು ಆತ ಕೇಳಿದ. ಅತ್ತೆ ಇಲ್ಲ ಎಂದರು. ನಾನು ಒಳಗೆ ಜೋಳ ಹಸನು ಮಾಡುತ್ತಿದ್ದೆ, ಕೈ ನಿಂತಿತು. ಎಂಟು ತಿಂಗಳ ಹಿಂದೆ ಅದೇ ಕೋಣೆಯಲ್ಲಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಅತ್ತೆಯ ಮಗಳು ಚಂದಮ್ಮ ತೀರಿಕೊಂಡಿದ್ದಳು. ಆದರೆ ಅತ್ತೆ ಸುಳ್ಳು ಹೇಳಲಿಲ್ಲ. ಕೊಟ್ಟ ಹೆಣ್ಣನ್ನು ನಮ್ಮ ಮನೆಯವಳು ಎನ್ನುವ ರೂಢಿಯೇ ನಮ್ಮಲ್ಲಿಲ್ಲ. ಅವಳು ಕಲಬುರ್ಗಿಯ ತನ್ನ ಮಾವ ಸೂಗಪ್ಪನ ಮನೆಯವಳು.

ಮೂರನೆಯ ದಿನ ಮುನ್ಶಿಯ ಲೆಕ್ಕ ಮುಗಿಯಿತು. ನಲವತ್ತು ಮನೆಗೆ ಎರಡೇ ಸಾವು. ಸೂಲಗಿತ್ತಿ ಬರುವುದಿಲ್ಲ ಎಂದು ಊರೆಲ್ಲ ಸುದ್ದಿಯಾಯಿತು. ಅತ್ತೆ ಬೆರಳು ಮಡಚಿ ಎಣಿಸಿದರು. ನಮ್ಮ ಓಣಿ ಒಂದರಲ್ಲೇ ನಾಲ್ಕು. ಸೆರಗು ಹೊದ್ದು ನೇರ ಚಾವಡಿಗೆ ನಡೆದರು. ನಾನು ಹಿಂದೆ ಹೋದೆ.

ಕಲಬುರ್ಗಿಯ ಗಂಜಿನ ಹತ್ತಿರ ಸೂಗಪ್ಪನ ಮನೆಯಲ್ಲಿ ಕೇಳಿದ್ದೀರಾ ಎಂದು ಅತ್ತೆ ವಿಚಾರಿಸಿದರು. ಮುನ್ಶಿ ಕಾಗದ ತಿರುವಿ ನೋಡಿದ. ನಮ್ಮೂರಿಗೆ ಬರುವ ಮೊದಲು ಕಲಬುರ್ಗಿಯಲ್ಲೂ ಅವನೇ ಬರೆದುಕೊಂಡಿದ್ದ, ಆ ಮನೆಯೂ ಅವನ ಪಟ್ಟಿಯಲ್ಲಿತ್ತು. ಅಲ್ಲಿಯೂ ‘ಇಲ್ಲ’ ಎಂದೇ ಬರೆದಿತ್ತು. ಸೊಸೆ ಸತ್ತದ್ದು ತವರಲ್ಲಿ, ನಮ್ಮಲ್ಲಲ್ಲ ಎಂದಿದ್ದರಂತೆ.

“ಹಂಗಾದ್ರ ನನ್ನ ಮಗಳು ಯಾರ ಮನ್ಯಾಗ ಸತ್ಲುರೀ, ಮುನ್ಶಿ ಸಾಬ್ರ?”

“ನಿಮ್ಮ ಮನಿಯಾಕಿ ಯಾರೂ ಸತ್ತಿಲ್ಲಂತ ನೀವೇ ಅಂದ್ರಲ್ಲವಾ.”

“ನಾ ಅಂದಿದ್ದು ಖರೇನೇ. ಅವರಂದಿದ್ದೂ ಖರೇನೇ. ನೀವು ಕೇಳೋದು ಹಿಂಗ್ ಕೇಳ್ರಿ. ಹಡದಾಕಿನ ಕೇಳ್ರಿ, ಎಷ್ಟು ಹೆಣ್ಣ ಹಡದಿ, ಒಬ್ಬೊಬ್ಬಾಕಿ ಈಗ ಎಲ್ಲಿದಾಳಂತ.”

ಮುನ್ಶಿ ಆ ಪ್ರಶ್ನೆಯನ್ನು ಕಾಗದದ ಅಂಚಿಗೆ ಬರೆದುಕೊಂಡ. ಕೇಳಿಸಿಕೊಂಡ ಗೌಡ ದೇವೀಂದ್ರಪ್ಪ, ಹಾಗಾದರೆ ಮುನ್ಶಿಯನ್ನು ಸಾವಾದ ಮನೆಗಳಿಗೇ ಕರೆದುಕೊಂಡು ಹೋಗು, ಐದೇನು ಹದಿನೈದು ಸಿಗುತ್ತವೆ ಎಂದ. ಅತ್ತೆ ತಿರುಗಿ ನಿಂತರು.

“ಗೌಡ್ರ, ಚೀಲದ ಬಾಯಾಗ ಚೊಲೋ ಕಾಳು ಇಟ್ಟು ತೋರಸ್ತಾರಲ್ಲ, ಹಂಗಾಗ್ತದ ಅದು. ಅವೇ ನಲವತ್ತು ಬಾಗಲಾ ಬಡಿತೀವಿ.”

ಅವೇ ನಲವತ್ತು ಬಾಗಿಲು ಬಡಿದೆವು. ಮುನ್ಶಿ ಹೊರಗೆ ಕಟ್ಟೆಯ ಮೇಲೆ, ಅತ್ತೆ ಒಳಗೆ ಒಲೆಯ ಹತ್ತಿರ. ಹಿಂದೆ ‘ಇಲ್ಲ’ ಎಂದಿದ್ದ ತಾಯಂದಿರೇ ಈಗ ಒಬ್ಬೊಬ್ಬ ಮಗಳ ಹೆಸರು ಹಿಡಿದು ಹೇಳಿದರು. ಎಂಟು ಸಾವು ಸಿಕ್ಕವು. ಚಂದಮ್ಮ ಎಂಟನೆಯವಳು. ಫಾರಮಿನಲ್ಲಿ ಹೀಗೆ ಕೇಳಿ ಬರೆಯಲು ಖಾನೆ ಇರಲಿಲ್ಲ. ಮುನ್ಶಿ ಬೇರೆ ಹಾಳೆಯಲ್ಲಿ ಬರೆದು ಟಾಚಣಿ ಚುಚ್ಚಿ ಫಾರಮಿಗೆ ಸೇರಿಸಿದ.

ದಫ್ತರ ಆ ಹಾಳೆ ತೆಗೆದಿಟ್ಟು ಎರಡೇ ಎಂದು ಹಿಡಿಯಿತು. ಅತ್ತೆ ಬಾಳೆಗೊನೆಯ ಬಂಡಿಯಲ್ಲಿ ಮೂರು ಸಲ ಕಲಬುರ್ಗಿಗೆ ಹೋದರು. ಒಮ್ಮೆ ಸಾಹೇಬರು ಸಿಗಲಿಲ್ಲ. ಒಮ್ಮೆ ಹಾಳೆಯೇ ಸಿಗಲಿಲ್ಲ. ಮೂರನೆಯ ಸಲ ಸಿಕ್ಕ ಸಾಹೇಬರು, ಉಳಿದ ಊರಿಗೆಲ್ಲ ಒಂದು ಪ್ರಶ್ನೆ, ನಿಮಗೊಂದು ಪ್ರಶ್ನೆ ಆದರೆ ಊರಿಗೆ ಊರು ಹೋಲಿಸುವುದು ಹೇಗೆ ಎಂದರು. ಆ ಮಾತು ಸರಿಯೇ ಇತ್ತು. ಅದಕ್ಕೇ ಅತ್ತೆಗೆ ಹೆಚ್ಚು ಸಿಟ್ಟು ಬಂತು. ಹಾಗಿದ್ದರೆ ಎಲ್ಲ ಊರಿಗೂ ಇದನ್ನೇ ಕೇಳಿರಿ ಎಂದರು. ಮುಂದಿನ ಸಲ ನೋಡೋಣ ಎಂದರು ಸಾಹೇಬರು. ಸೂಲಗಿತ್ತಿ ಬೇರೆ ಊರಿಗೆ ಹೋದಳು.

ಆ ಮುಂದಿನ ಸಲ ಬರಲು ಐದು ವರ್ಷ ಹಿಡಿಯಿತು. ಮಲಂಗಸಾಬನೇ ಬಂದ, ಗಡ್ಡ ಬೆಳ್ಳಗಾಗಿತ್ತು. ಹೊಸ ಫಾರಮಿನಲ್ಲಿ ಅತ್ತೆಯ ಪ್ರಶ್ನೆ ಅಚ್ಚಾಗಿತ್ತು. ಹಿಂದಿನ ಹತ್ತು ವರ್ಷದ ಸಾವೆಲ್ಲ ಬರೆಯುವ ಹುಕುಮೂ ಇತ್ತು. ಅತ್ತೆ ತೀರಿ ಆಗ ನಾಲ್ಕು ತಿಂಗಳು.

ಅವರು ಹಡೆದದ್ದು ಇಬ್ಬರು ಹೆಣ್ಣು, ಒಬ್ಬಳು ಮಹಾಗಾಂವದಲ್ಲಿ, ಇನ್ನೊಬ್ಬಳು ಚಂದಮ್ಮ ಎಂದು ನಾನು ಶುರು ಮಾಡಿದೆ. ಆತ ಲೇಖನಿ ಎತ್ತಲಿಲ್ಲ. ಹಡೆದವಳ ಬಾಯಿಂದಲೇ ಕೇಳಬೇಕು, ಇಲ್ಲದಿದ್ದರೆ ಅಕ್ಕ ಒಮ್ಮೆ, ತಮ್ಮ ಒಮ್ಮೆ ಹೇಳಿ ಒಂದೇ ಸಾವು ಎರಡಾಗುತ್ತದೆ, ಅದೂ ಹುಕುಂ ಎಂದ.

“ಚಂದಮ್ಮ ಸತ್ತಿದ್ದು ನಿಮಗ ಗೊತ್ತಿಲ್ಲೇನು, ಸಾಬ್ರ?”

“ಗೊತ್ತದ ತಂಗಿ.”

ನಮ್ಮ ಮನೆಯ ಖಾನೆಗೆ ಅಡ್ಡಗೆರೆ ಎಳೆದು ಆತ ಮುಂದಿನ ಏಳನೆಯ ಬಾಗಿಲಿಗೆ ಹೋದ. ಆ ಸಲ ಕಮಲಾಪುರದ ಲೆಕ್ಕ ಏಳು ಬಂತು. ಸೂಲಗಿತ್ತಿ ಬಂದಳು, ಚಾವಡಿಯ ಪಕ್ಕದಲ್ಲೇ ಅವಳಿಗೆ ಕೋಣೆ ಕೊಟ್ಟರು. ನನ್ನ ಕೊನೆಯ ಎರಡು ಹೆರಿಗೆ ಅವಳೇ ಮಾಡಿಸಿದಳು. ಆ ಏಳರಲ್ಲಿ ನಮ್ಮ ಚಂದಮ್ಮ ಇಲ್ಲ.